ಹಂಪ್ ಬಂದಾಗ ಮಾತ್ರ ಏಳುವ ಮುಳ್ಳು

ಮುಳ್ಳು ಎಂಬುದು ಎಲ್ಲಿ ಕಂಡರೂ ಅದರ ಗಾಜನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುವುದು ನನ್ನ ಚಾಳಿ. ಕಾಲಿಗೆ ಚುಚ್ಚುವ ಮುಳ್ಳಲ್ಲ ಮತ್ತೆ. ತಕ್ಕಡಿಯ ಮುಳ್ಳು, ಗಡಿಯಾರದ ಮುಳ್ಳು, ಕಾರಿನ ಡ್ಯಾಶ್‌ಬೋರ್ಡಿನ ಮುಳ್ಳು, ಇಂಥವು. ಹಳೇ ಪೇಪರಿನವನು ಸ್ಪ್ರಿಂಗ್ ತಕ್ಕಡಿ ಎತ್ತಿ ಹಿಡಿದ ಕೂಡಲೇ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. "ಯಾಕೆ ಆಂಟಿ, ನಂಬಿಕೆ ಇಲ್ವಾ?" ಎಂದು ಅವನು ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. "ನಿನ್ನ ಮೇಲಿದೆ ಕಣಪ್ಪ, ನಿನ್ನ ಮುಳ್ಳಿನ ಮೇಲಿಲ್ಲ" ಎನ್ನುತ್ತೇನೆ. ಇಂಥ ಮಾತು ಆಡಿಕೊಂಡೂ ನಾನು ಬಸವೇಶ್ವರನಗರದಲ್ಲಿ ಇಷ್ಟು ವರ್ಷ ಯಾರ ಕೈಲೂ ಪೆಟ್ಟು ತಿನ್ನದೆ ಬದುಕಿದ್ದೇನೆ. ಅದು ನಮ್ಮ ಬಡಾವಣೆಯ ಜನರ ದೊಡ್ಡತನ.

ಈ ಚಾಳಿ ಅಪ್ಪಾಜಿಯಿಂದ ಬಂದದ್ದು. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಸೀಮೆಎಣ್ಣೆ ಅಳೆಯುವ ಡಬ್ಬಿ ಇವೆಲ್ಲ ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸಿ ಮುದ್ರೆ ಒತ್ತುವ ಸರ್ಕಾರಿ ಕೆಲಸ ಅವರದು. ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಅಪ್ಪಾಜಿಯ ಕೈ ಹಿಡಿದು ನಾನು ಬೀದಿಯಲ್ಲಿ ನಡೆದರೆ ಎರಡೂ ಬದಿಯ ಅಂಗಡಿಗಳಲ್ಲಿ ಮಾತು ನಿಲ್ಲುತ್ತಿತ್ತು. ತಟ್ಟೆಯ ಅಡಿಗೆ ಅಂಟಿಸಿದ್ದ ಹುಣಸೆಹಣ್ಣನ್ನು ಅವಸರದಲ್ಲಿ ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಇದನ್ನು ಗೌರವ ಎಂದುಕೊಂಡು ಎದೆ ಸೆಟೆಸಿ ನಡೆಯುತ್ತಿದ್ದೆ. ನಿಜವಾದ ಕಷ್ಟ ಅವ್ವನಿಗೆ. ಸೊಪ್ಪಿನವಳು ಕೂಡ ಅವ್ವನನ್ನು ಕಂಡರೆ ಸೊಪ್ಪು ಮುಗಿಯಿತು ಎಂದು ಗೋಣಿ ಮುಚ್ಚುತ್ತಿದ್ದಳು. ಪಾಪ ಅವ್ವ, ಬಸ್ಸು ಹತ್ತಿ, ನಮ್ಮ ಗುರುತಿಲ್ಲದ ಕೆಂಗೇರಿಯವರೆಗೂ ಹೋಗಿ, ಯಾರೋ ಗುಮಾಸ್ತರ ಹೆಂಡತಿಯ ಹಾಗೆ ನಿಶ್ಚಿಂತೆಯಿಂದ ಚೌಕಾಸಿ ಮಾಡಿ ತರಕಾರಿ ತರುತ್ತಿದ್ದಳು.

ಅಪ್ಪಾಜಿಗೆ ಒಂದು ಮಾತಿತ್ತು: "ಅಕ್ಕಿ ಮೇಲೆ ಅನುಮಾನ ಪಡೋ ಮುಂಚೆ ತಕ್ಕಡಿ ಮೇಲೆ ಅನುಮಾನ ಪಡು." ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದರು. ತರಿಸಿದ ಬೆಲ್ಲಕ್ಕೂ ಮಾರಿದ ಬೆಲ್ಲಕ್ಕೂ ಅವರಿಗೆ ತಾಳೆಯೇ ಆಗುತ್ತಿರಲಿಲ್ಲ. ಮೊದಲು ಇರುವೆಗಳ ಮೇಲೆ ಅನುಮಾನಪಟ್ಟರು, ಆಮೇಲೆ ಆಳಿನ ಮೇಲೆ, ಕೊನೆಗೆ ಅಂಗಡಿಯಲ್ಲಿ ಕೈಜೋಡಿಸಲು ಬಂದಿದ್ದ ಭಾವಮೈದುನನ ಮೇಲೆ. ಭಾವಮೈದುನ ಮುನಿಸಿಕೊಂಡು ಊರಿಗೆ ಹೋದ. ಅಪ್ಪಾಜಿ ಪರೀಕ್ಷೆಗೆ ಹೋದ ದಿನ ನಾನೂ ಜೊತೆಗಿದ್ದೆ. ಇಲಾಖೆಯ ಹಿತ್ತಾಳೆ ಬಟ್ಟು ಇಟ್ಟು ನೋಡಿದರೆ ಆ ತಕ್ಕಡಿ ಗಿರಾಕಿಗೇ ಹೆಚ್ಚು ಕೊಡುತ್ತಿತ್ತು. ಎಷ್ಟು ಹೇಳಿದರೂ ಆ ಮನುಷ್ಯ ನಂಬಲಿಲ್ಲ. "ಸಾರ್, ನಮ್ಮ ತಾತನ ಕಾಲದ ತಕ್ಕಡಿ, ಅದು ಸುಳ್ಳು ಹೇಳಲ್ಲ" ಎಂದು ವಾದಕ್ಕೇ ನಿಂತರು. ಅಪ್ಪಾಜಿ ಬಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡು "ಭಾವಮೈದುನನ್ನ ವಾಪಸ್ ಕರೆಸಿ" ಎಂದಷ್ಟೇ ಹೇಳಿ ಹೊರಟರು.

ನಿವೃತ್ತರಾದ ವರ್ಷ ಅಪ್ಪಾಜಿ ಒಂದು ಹಳೆಯ ಕಾರು ಕೊಂಡರು. ಯಾವ ಕಂಪನಿ, ಯಾವ ಮಾಡೆಲ್ಲು ಎಂದು ಹೇಳುವುದಿಲ್ಲ. ಹೇಳಿದರೆ "ನಮ್ಮ ಮಾವನ ಹತ್ತಿರಾನೂ ಒಂದಿತ್ತು" ಎಂದು ನೀವು ಶುರುಮಾಡುತ್ತೀರಿ, ನನ್ನ ಕಥೆ ಅಲ್ಲಿಗೇ ನಿಲ್ಲುತ್ತದೆ. ಮೂಲಂಗಿ ಸೊಪ್ಪಿನ ಬಣ್ಣ, ದುಂಡು ದೀಪಗಳು, ಅಜ್ಜಿಯ ತೋಳಿನಂಥ ಮಡ್‌ಗಾರ್ಡು. ಇಷ್ಟು ಸಾಕು. ಆಗ ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮೂವತ್ತು ದಾಟಿದ್ದೆ. ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಕಾರಣ ಕೇಳಬೇಡಿ, ಅದು ಬೇರೆಯೇ ಪ್ರಬಂಧ. ಅಪ್ಪಾಜಿ ನನಗೂ ನನ್ನ ತಮ್ಮ ಶಿವಕುಮಾರನಿಗೂ ಒಟ್ಟಿಗೇ ಡ್ರೈವಿಂಗ್ ಕಲಿಸಲು ಹೊರಟರು. ಮೊದಲ ದಿನವೇ ಶಿವು ಕ್ಲಚ್ಚು ಎಂದುಕೊಂಡು ಆಕ್ಸಿಲರೇಟರ್ ಒತ್ತಿ ಒಂದು ಎಳನೀರಿನ ಗಾಡಿಗೆ ಗುದ್ದಿದ. ಅಪ್ಪಾಜಿ ಒಂದು ಮಾತೂ ಬಯ್ಯಲಿಲ್ಲ. ಇಳಿದು, ರಸ್ತೆ ತುಂಬಾ ಉರುಳಿದ್ದ ಎಳನೀರನ್ನು ಆರಿಸಿಕೊಟ್ಟು ಬಂದು, "ಗಿರಿಜಾ, ನೀನು ಕೂತ್ಕೊ" ಎಂದರು. ಶಿವು ಹಿಂದಿನ ಸೀಟಿಗೆ ಹೋದ. ಆವತ್ತಿನಿಂದ ಅವನು ಸ್ಟೀರಿಂಗ್ ಮುಟ್ಟಿಲ್ಲ. ಅವನದೇನಿದ್ದರೂ ಸ್ಕೂಟರು.

ಅಪ್ಪಾಜಿ ಹೋದ ಮೇಲೆ ಕಾರು ನಮ್ಮಿಬ್ಬರದಾಯಿತು. ಕೆಳಗಿನ ಮನೆಯಲ್ಲಿ ನಾನು, ಮೇಲಿನ ಮನೆಯಲ್ಲಿ ಶಿವು ಮತ್ತವನ ಸಂಸಾರ, ನಡುವೆ ಪೋರ್ಟಿಕೋದಲ್ಲಿ ಕಾರು. ಓಡಿಸುವುದು ನಾನು, ಒರೆಸುವುದು ಅವನು. ಶಿವು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಆದರೆ ಮನಸ್ಸಿನಲ್ಲಿ ಪ್ಲಂಬರು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ನಮ್ಮ ಕಡೆ ತೊಟ್ಟಿಕ್ಕುವ ನಲ್ಲಿ ಎಂದರೆ ಅವನಿಗೆ ಮನೆಯಲ್ಲಿ ಯಾರೋ ಅಳುತ್ತಿದ್ದ ಹಾಗೆ. ನಲ್ಲಿಯ ಮರೆಗೆ, ಅಂದರೆ ತಿರುಪಿನ ಗೀರುಗಳಿಗೆ ಸುತ್ತುತ್ತಾರಲ್ಲ, ಆ ತೆಳ್ಳನೆಯ ಬಿಳಿ ಟೇಪು, ಅದರ ಸುರುಳಿ ಅವನ ಅಂಗಿ ಜೇಬಿನಲ್ಲಿ ಸದಾ ಇರುತ್ತದೆ. ನೆಂಟರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ನೆಪದಲ್ಲಿ ಅವರ ಬಚ್ಚಲಿನ ನಲ್ಲಿ ಬಿಚ್ಚಿ ಟೇಪು ಸುತ್ತಿ ಬರುತ್ತಾನೆ. ಇದರಿಂದ ನಮಗೆ ಊಟದ ಕರೆಗಳು ಹೆಚ್ಚಾಗಿವೆ.

ಹೋದ ವರ್ಷ ಆಯುಧಪೂಜೆ ಕಳೆದು ಸ್ವಲ್ಪ ದಿನವಾಗಿತ್ತು. ಕೆಂಗೇರಿಯಲ್ಲಿ ಒಂದು ನಾಮಕರಣ ಮುಗಿಸಿಕೊಂಡು ಮೈಸೂರು ರಸ್ತೆಯಲ್ಲಿ ಒಬ್ಬಳೇ ವಾಪಸು ಬರುತ್ತಿದ್ದೆ. ಡ್ಯಾಶ್‌ಬೋರ್ಡಿನ ಗಾಜುಗಳ ಮೇಲೆ ಪೂಜೆಯಲ್ಲಿ ಬಳಿದ ವಿಭೂತಿ ಇನ್ನೂ ಮಾಸಿರಲಿಲ್ಲ. ಅದರ ಸಂದಿಯಲ್ಲಿ ನೋಡಿದರೆ ಆಯಿಲ್ ಪ್ರೆಶರಿನ ಮುಳ್ಳು ಸೊನ್ನೆಯಲ್ಲಿ ಮಲಗಿದೆ. ತಿಳಿಯದವರಿಗೆ ಒಂದು ಮಾತು: ಇಂಜಿನ್ನಿನ ಒಳಗೆ ಎಣ್ಣೆ ಎಷ್ಟು ಒತ್ತಡದಲ್ಲಿ ಹರಿಯುತ್ತಿದೆ ಎಂದು ಹೇಳುವ ಮುಳ್ಳು ಅದು. ಸೊನ್ನೆ ಎಂದರೆ ಎಣ್ಣೆ ಹರಿಯುತ್ತಿಲ್ಲ, ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಇನ್ನು ಸ್ವಲ್ಪದರಲ್ಲಿ ಇಂಜಿನ್ನು ಶಿವನ ಪಾದ ಸೇರುತ್ತದೆ ಎಂದರ್ಥ. ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ಕಡ್ಡಿ ಎಳೆದು ನೋಡಿದೆ. ಎಣ್ಣೆ ಗುರುತಿನ ತನಕ ಇತ್ತು. ಇಂಜಿನ್ನಿನ ಸದ್ದು ಎಂದಿನಂತೆಯೇ ಇತ್ತು. ಗಾಜು ತಟ್ಟಿದೆ. ಮುಳ್ಳು ಅಲ್ಲಾಡಲಿಲ್ಲ.

ಬುದ್ಧಿವಂತರಾಗಿದ್ದರೆ ಅಲ್ಲಿಂದಲೇ ಗಾಡಿ ಎಳೆಸುತ್ತಿದ್ದರು. ನಾನು ನಿಧಾನಕ್ಕೆ ಓಡಿಸಿಕೊಂಡೇ ಬಂದೆ. ವಿಜಯನಗರದ ಒಳರಸ್ತೆಗೆ ತಿರುಗಿದಾಗ ವಿಚಿತ್ರ ನೋಡಿದೆ. ಹಂಪ್ ಹತ್ತಿ ಇಳಿದ ಕೂಡಲೇ ಮುಳ್ಳು ಚಂಗನೆ ಎದ್ದು ನಿಂತಿತು. ಎದ್ದದ್ದು ಮತ್ತೆ ಮಲಗಿತು. ಮುಂದಿನ ಹಂಪ್ ಬಂತು, ಮತ್ತೆ ಎದ್ದಿತು. ಗುಂಡಿ ಬಂದರೆ ಅರ್ಧ ಎದ್ದಿತು. ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಹಂಪುಗಳಿಗೆ ಬರವಿಲ್ಲ. ಮನೆ ಕಟ್ಟಿಸಿದವರೆಲ್ಲ ಗೃಹಪ್ರವೇಶದ ಜೊತೆಗೆ ಒಂದು ಹಂಪನ್ನೂ ಮಾಡಿಸಿಕೊಂಡಂತೆ ಕಾಣುತ್ತದೆ. ಹಾಗಾಗಿ ಮನೆ ಸೇರುವವರೆಗೂ ಮುಳ್ಳು ಶಾಲೆಯ ಹಾಜರಿಯಲ್ಲಿ ಎದ್ದು ಕೂರುವ ಮಕ್ಕಳ ಹಾಗೆ ಎದ್ದು ಕೂತು ಮಾಡುತ್ತಲೇ ಇತ್ತು. ರಸ್ತೆ ಕೆಟ್ಟಷ್ಟೂ ಕಾರಿನ ಆರೋಗ್ಯ ಸುಧಾರಿಸುತ್ತಿತ್ತು.

ಶಿವುಗೆ ಹೇಳಿದೆ. ಅವನು ತಲೆ ಆಡಿಸಿ, "ಮುಗೀತಕ್ಕ ಅದರ ಕಾಲ. ನಿನಗೆ ಬಿ.ಪಿ. ಜಾಸ್ತಿ, ಅದಕ್ಕೆ ಬಿ.ಪಿ.ನೇ ಇಲ್ಲ. ಇಬ್ರೂ ಸೇರ್ಕೊಂಡು ರಸ್ತೆಗೆ ಇಳಿಯೋದು ಸರಿಯಲ್ಲ" ಎಂದ.

ನನ್ನ ಬಿ.ಪಿ.ಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಈಗಿನ ಬಿ.ಪಿ. ಯಂತ್ರಕ್ಕೆ ಮುಳ್ಳೇ ಇಲ್ಲ, ಬರೀ ಅಂಕಿ. ತಟ್ಟುವುದಕ್ಕೆ ಏನೂ ಸಿಗದೆ ಕ್ಲಿನಿಕ್ಕಿನಲ್ಲಿ ನಾನು ಆ ಡಬ್ಬಿಯನ್ನೇ ತಟ್ಟಿದೆ. ನರ್ಸು ಗದರಿದಳು. ಗದರಿದ ಮೇಲೆ ಅಳೆದರೆ ಯಾರಿಗೆ ತಾನೇ ಸರಿಯಾಗಿ ಬಂದೀತು? ಮಾತ್ರೆ ಕೊಟ್ಟಿದ್ದಾರೆ, ನುಂಗುತ್ತಿದ್ದೇನೆ. ಆದರೆ ಮನೆಯಲ್ಲಿ ಯಾವ ಜಗಳಕ್ಕೂ ಅದನ್ನು ಸಾಕ್ಷಿಯಾಗಿ ಕರೆಯುವುದನ್ನು ನಾನು ಒಪ್ಪುವುದಿಲ್ಲ.

ಶಿವುವಿನ ಮಾತಿನ ಹಿಂದೆ ಬೇರೆ ಏನೋ ಇತ್ತು. ಅದು ಎರಡು ದಿನದಲ್ಲಿ ಮನೆಗೇ ಬಂತು. ರೇಣುಕಪ್ಪ ಎಂದು ಅವನ ಪರಿಚಯದವರು, ಕೆಂಗೇರಿ ಹತ್ತಿರ ಮೈಸೂರು ರಸ್ತೆಯಲ್ಲಿ ಹೊಸದಾಗಿ ಹೋಟೆಲು ಮಾಡುತ್ತಿದ್ದಾರೆ. ಈಗ ಹೋಟೆಲೆಂದರೆ ದೋಸೆ ಇದ್ದರಷ್ಟೇ ಸಾಲದು, ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲು ಏನಾದರೂ ಬೇಕಂತೆ. ಅವರಿಗೆ ನಮ್ಮ ಕಾರು ಬೇಕಿತ್ತು. ಇಡೀ ಕಾರಲ್ಲ, ಅದರ ಮುಖ. ಮುಂದಿನ ಅರ್ಧ ಕತ್ತರಿಸಿ, ಇಂಜಿನ್ ತೆಗೆದು, ಗೋಡೆಗೆ ಕೂರಿಸಿ, ಬಾನೆಟ್ಟಿನ ಮೇಲೆ ಗ್ಲಾಸು ಹಾಕಿದರೆ ಕ್ಯಾಶ್ ಕೌಂಟರು. "ದೀಪ ಎರಡೂ ಉರಿಯೋ ಹಂಗೆ ಮಾಡಿಸ್ತೀವಿ ಮೇಡಂ. ಅಪ್ಪಾಜಿಯವರ ಗಾಡಿ ದಿನಾ ಸಾವಿರ ಜನ ನೋಡ್ತಾರೆ" ಎಂದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ಕಪಟವಿಲ್ಲ. ಆದರೆ ಜೊತೆಗೆ ಬಂದಿದ್ದ ಬಡಗಿ ನಾವು ಮಾತಾಡುತ್ತಿರುವಾಗಲೇ ಕಿವಿಯ ಹಿಂದಿನಿಂದ ಸೀಮೆಸುಣ್ಣ ತೆಗೆದು, ಮುಂದಿನ ಬಾಗಿಲಿಗಿಂತ ಗೇಣು ಮುಂದೆ, ಈ ಪಕ್ಕದಿಂದ ಆ ಪಕ್ಕಕ್ಕೆ ಒಂದು ಗೆರೆ ಎಳೆದುಬಿಟ್ಟ. ಕುರಿಗೆ ಗುರುತು ಹಾಕಿದ ಹಾಗೆ.

ನನಗೆ ಮೈ ಉರಿದುಹೋಯಿತು. ಎಲ್ಲರೂ ನೋಡುತ್ತಿರುವಾಗಲೇ ಹೋಗಿ ಸೆರಗಿನಿಂದ ಆ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒರೆಸಿದೆ. "ಮುಖ ಬೇಕಿದ್ರೆ ನನ್ನ ಮುಖ ತಗೊಂಡ್ಹೋಗಿ ಗೋಡೆಗೆ ಹಾಕ್ಕೊಳ್ಳಿ. ಇದಕ್ಕೆ ಕೈ ಹಚ್ಚಬೇಡಿ" ಎಂದೆ. ರೇಣುಕಪ್ಪನವರು ಗಾಬರಿಯಾಗಿ ಕೈ ಮುಗಿದರು. ಆ ಕ್ಷಣಕ್ಕೆ ನನ್ನ ಬಿ.ಪಿ. ಎಷ್ಟಿತ್ತೋ, ಡಬ್ಬಿ ತಟ್ಟದೆಯೂ ಹೇಳಬಹುದಿತ್ತು.

ಅವರು ಹೋದ ಮೇಲೆ ಶಿವು ಮೆಲ್ಲಗೆ, "ಅಕ್ಕ, ಇಂಜಿನ್ ಹೋದ ಗಾಡಿನ ಎಷ್ಟು ದಿನ ಅಂತ ಇಟ್ಕೊಳ್ತೀಯಾ?" ಎಂದ. ಅವನದೂ ಅರ್ಧ ಕಾರು. ಅದನ್ನು ನಾನು ಇಲ್ಲವೆನ್ನಲಾರೆ.

"ಇಂಜಿನ್ ನಿಜವಾಗ್ಲೂ ಹೋಗಿದ್ರೆ ಕೊಡೋಣ. ಹೋಗಿಲ್ಲ ಅಂದ್ರೆ ಈ ಮಾತು ಈ ಮನೇಲಿ ಮತ್ತೆ ಎತ್ತಬಾರದು."

"ಆಯ್ತು" ಎಂದ. ಹೀಗೆ ಅಪ್ಪಾಜಿಯ ಕಾರು ರಸ್ತೆಯಲ್ಲಿರಬೇಕೋ ಗೋಡೆಯ ಮೇಲಿರಬೇಕೋ ಎಂಬುದು ಒಂದು ಮುಳ್ಳಿನ ಮೇಲೆ ನಿಂತಿತು.

ಅನ್ನಪೂರ್ಣೇಶ್ವರಿ ನಗರದಲ್ಲಿ ನಾಗರಾಜ ಎಂಬ ಮೆಕ್ಯಾನಿಕ್ ಇದ್ದಾನೆ. ಹಳೇ ಗಾಡಿಗಳ ಕೆಲಸ ಬಲ್ಲವನು, ಆದರೆ ಯಾವ ರೋಗಕ್ಕೂ ಮೊದಲು ದೊಡ್ಡ ಆಪರೇಷನ್ನನ್ನೇ ಹೇಳುವ ಡಾಕ್ಟರರ ಜಾತಿ. ಮರುದಿನ ಅವನಲ್ಲಿಗೆ ಹೋದೆವು. ಮುಳ್ಳು ನೋಡಿದವನೇ, "ಬೇರಿಂಗ್ ಹೋಗಿದೆ ಮೇಡಂ. ಇಂಜಿನ್ ಇಳಿಸಬೇಕು. ಇದಕ್ಕೆ ಸಾಮಾನು ಸಿಗೋದೂ ಕಷ್ಟ" ಎಂದ.

"ಹಂಪ್ ಬಂದಾಗ ಮಾತ್ರ ಏಳತ್ತಲ್ಲ, ಅದ್ಯಾಕೆ?"

"ಹಂಪಲ್ಲಿ ಗಾಡಿ ಕುಲುಕತ್ತಲ್ಲ ಮೇಡಂ, ಆಯಿಲ್ ಮೇಲೆ ಬರತ್ತೆ."

"ಆಯಿಲ್ ಏನು ಹುಳೀನಾ, ಕುಲುಕಿದ್ರೆ ಬೇಳೆ ಮೇಲೆ ಬರೋಕೆ?"

ನಾಗರಾಜ ನಕ್ಕ, ಆದರೆ ಸ್ವಲ್ಪ ಇಳಿದ. ಇಂಜಿನ್ನಿಗೆ ತಿರುಪಿ ಕೂರಿಸಿದ ಹೆಬ್ಬೆರಳಿನ ಗಾತ್ರದ ಒಂದು ಸಾಮಾನಿದೆಯಂತೆ, ಸೆಂಡರ್ ಎನ್ನುತ್ತಾರೆ. ಒಳಗಿನ ಒತ್ತಡವನ್ನು ಅದೇ ವೈರಿನ ಮೂಲಕ ಡ್ಯಾಶ್‌ಬೋರ್ಡಿಗೆ ತಿಳಿಸುವುದು. ಅದು ಕೆಟ್ಟಿರಬಹುದು, ಬದಲಾಯಿಸಿ ನೋಡೋಣ ಎಂದ. ತಂದು ಕೂರಿಸುವಾಗ ಶಿವು ಪಕ್ಕದಲ್ಲೇ ನಿಂತಿದ್ದ. "ಹಂಗೇ ಹಾಕಬೇಡಿ, ಸೋರತ್ತೆ" ಎಂದು ಜೇಬಿನಿಂದ ಬಿಳಿ ಟೇಪು ತೆಗೆದು, ತಾನೇ ಸೆಂಡರಿನ ಮರೆಗೆ ದಪ್ಪಗೆ ಸುತ್ತಿ ಕೊಟ್ಟ. ನಾಗರಾಜ ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಾ ತಿರುಪಿ ಬಿಗಿದ. ಗಾಡಿ ಸ್ಟಾರ್ಟ್ ಮಾಡಿದೆ. ಮುಳ್ಳು ಸೊನ್ನೆ.

"ನಾನ್ ಹೇಳಿದ್ನಲ್ಲ ಮೇಡಂ" ಎಂದ ನಾಗರಾಜ. ಶಿವುವಿನದು ಗೆದ್ದವನ ಮುಖವಲ್ಲ. ಮನೆಗೆ ಬಂದು ಮೇಲೆ ಹೋಗಿಬಿಟ್ಟ. ಹಂಪುಗಳ ಮೇಲೆ ಮುಳ್ಳು ಮಾತ್ರ ಎಂದಿನಂತೆ ಎದ್ದು ಕೂತು ಮಾಡಿತ್ತು.

ಸೋಲು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಬೈಕಿನ ಹುಡುಗರು "ಆಂಟಿ, ಗಾಡಿ ಕೊಡ್ತೀರಾ?" ಎನ್ನುತ್ತಾರೆ. "ಮಗಾ, ಇವ್ರ ಹಿಂದೆ ಹೋದ್ರೆ ಸಂಜೆ ಆಗತ್ತೆ, ಆ ಕಡೆ ನುಗ್ಗೋ" ಎಂದು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ. ಶಾಲೆಯಲ್ಲಿ ಗಣಿತ ಹೆಂಗಸರಿಗೆ ಕಷ್ಟ ಎಂದ ಮುಖ್ಯೋಪಾಧ್ಯಾಯರನ್ನು ನೋಡಿದವಳು ನಾನು. ಇವರೆಲ್ಲ ಹೇಳಿದಾಗ ಕೇಳದವಳು, ನಾಣ್ಯದಷ್ಟು ಅಗಲದ ಒಂದು ಗಾಜು ಹೇಳಿದರೆ ಕೇಳಬೇಕೇ? ಅಂದು ಮಧ್ಯಾಹ್ನ ಪೋರ್ಟಿಕೋದಲ್ಲಿ ಕುರ್ಚಿ ಹಾಕಿಕೊಂಡು ಕಾರಿನ ಎದುರು ಕೂತು ಯೋಚಿಸಿದೆ. ಇಷ್ಟು ಹೊತ್ತೂ ನಾವು ಅಕ್ಕಿಯನ್ನೇ ಬಯ್ಯುತ್ತಿದ್ದೆವು. ಸಾಚಾ ಬಟ್ಟು ಇಟ್ಟು ಯಾರೂ ನೋಡಿರಲಿಲ್ಲ.

ಮರುದಿನ ಶಿವುವನ್ನೂ ಕರೆದುಕೊಂಡು ಹೋಗಿ ನಾಗರಾಜನಿಗೆ ಹೇಳಿದೆ. "ಈ ಡ್ಯಾಶ್‌ಬೋರ್ಡ್ ನಂಬಬೇಡ. ಇಂಜಿನ್ನಿಗೇ ನೇರವಾಗಿ ಬೇರೆ ಮೀಟರ್ ಹಾಕಿ ಪ್ರೆಶರ್ ನೋಡು."

"ಡೈರೆಕ್ಟ್ ಗೇಜ್ ಇದೆ ಮೇಡಂ, ಆದ್ರೆ ಯಾಕೆ ಸುಮ್ನೆ..."

"ಸುಮ್ನೆ ಅಲ್ಲ. ಅದೂ ಸೊನ್ನೆ ಅಂದ್ರೆ ಈ ಗಾಡಿನ ಇಲ್ಲಿಂದಲೇ ಹೋಟ್ಲಿಗೆ ಕಳಿಸ್ತೀನಿ."

ಅವನು ಸೆಂಡರ್ ಬಿಚ್ಚಿ, ಅದೇ ತೂತಿಗೆ ಕೊಳವೆ ಇದ್ದ ದೊಡ್ಡ ಗೇಜು ಜೋಡಿಸಿದ. ನಾನು ಸ್ಟಾರ್ಟ್ ಮಾಡಿದೆ. ಆ ಮುಳ್ಳು ಯಾರ ಮುಲಾಜೂ ಇಲ್ಲದೆ ಎದ್ದು ನಲವತ್ತರ ಮೇಲೆ ಹೋಗಿ ನಿಂತಿತು. ಬಿಸಿಯಾದ ಮೇಲೂ ನೋಡಿದೆವು. ಸ್ವಲ್ಪ ಇಳಿದು, ಅಲ್ಲೇ ಗಟ್ಟಿಯಾಗಿ ನಿಂತಿತು. ನಾನು ಆ ಗಾಜನ್ನು ತಟ್ಟಲಿಲ್ಲ. ತಟ್ಟಲು ಧೈರ್ಯ ಬರಲಿಲ್ಲ ಎಂದು ಬೇಕಾದರೆ ಹೇಳಿ.

"ಇಂಜಿನ್ ಚೆನ್ನಾಗಿದೆ ಮೇಡಂ" ಎಂದ ನಾಗರಾಜ, ಸ್ವಲ್ಪ ಬೇಜಾರಿನಿಂದಲೇ.

"ಹಂಗಾದ್ರೆ ಹಳೇ ಸೆಂಡರೂ ಸೊನ್ನೆ, ಹೊಸ ಸೆಂಡರೂ ಸೊನ್ನೆ ಯಾಕೆ?" ಎರಡು ತಕ್ಕಡಿ ಒಂದೇ ಸುಳ್ಳು ಹೇಳಿದರೆ ಅವನ್ನು ತೂಗುಹಾಕಿದ ಕೊಕ್ಕೆ ನೋಡಬೇಕು ಎಂದು ಅಪ್ಪಾಜಿ ಹೇಳುತ್ತಿದ್ದರು. ಸೆಂಡರ್ ಇಂಜಿನ್ನಿಗೆ ತೂಗುವುದು ಅದರ ಮರೆಯಿಂದ. ಬಿಚ್ಚಿಟ್ಟಿದ್ದನ್ನು ಕೈಗೆ ತೆಗೆದುಕೊಂಡು ನೋಡಿದೆ. ಮರೆಯೇ ಕಾಣುತ್ತಿರಲಿಲ್ಲ. ತುಂಬಾ ಬಿಳಿ ಟೇಪು. "ಇದು ಹಳೇದರಲ್ಲೂ ಇತ್ತಾ?"

ನಾಗರಾಜ ಮೂಲೆಯಲ್ಲಿ ಬಿದ್ದಿದ್ದ ಹಳೆಯದನ್ನು ಹುಡುಕಿ ತಂದ. ಅದಕ್ಕೂ ಅಷ್ಟೇ ದಪ್ಪ ಟೇಪು. ನೋಡಿದವನೇ ಹಣೆ ಹೊಡೆದುಕೊಂಡ. "ಅಯ್ಯೋ ಮೇಡಂ, ಇದಕ್ಕೆ ಒಂದೇ ವೈರು. ಇನ್ನೊಂದು ವೈರಿನ ಕೆಲಸ ಇಂಜಿನ್ ಬಾಡಿನೇ ಮಾಡತ್ತೆ, ಕಬ್ಬಿಣಕ್ಕೆ ಕಬ್ಬಿಣ ತಾಗಬೇಕು. ಮಧ್ಯೆ ಟೇಪ್ ಸುತ್ತಿದ್ರೆ ಕರೆಂಟ್ ಎಲ್ಲಿಂದ ಹೋಗತ್ತೆ? ಹಂಪಲ್ಲಿ ಕುಲುಕಿದಾಗ ಎಲ್ಲೋ ಚೂರು ತಾಗ್ತಿತ್ತು, ಅದಕ್ಕೆ ಮುಳ್ಳು ಏಳ್ತಿತ್ತು." ಟೇಪು ಕಿತ್ತು, ಮರೆ ಉಜ್ಜಿ, ಸೆಂಡರನ್ನು ಹಾಗೆಯೇ ಬಿಗಿದ. ಡ್ಯಾಶ್‌ಬೋರ್ಡಿನ ಮುಳ್ಳು ಎದ್ದು ತನ್ನ ಹಳೆಯ ಜಾಗದಲ್ಲಿ ನಿಂತಿತು.

ನಾವಿಬ್ಬರೂ ಶಿವುವಿನ ಕಡೆ ತಿರುಗಿದೆವು. ಅವನ ಕೈ ಅಂಗಿ ಜೇಬಿನ ಮೇಲಿತ್ತು.

"ಆಯುಧಪೂಜೆಗೆ ತೊಳೀವಾಗ ನೋಡಿದೆ, ಒಂದೊಂದು ತೊಟ್ಟು ಎಣ್ಣೆ ಇಳೀತಿತ್ತು" ಎಂದ. "ಬಿಚ್ಚಿ ಟೇಪ್ ಹಾಕಿದೆ. ಸೋರೋದು ನಿಲ್ತು. ಹೇಳೋ ಅಂಥದ್ದೇನಿದೆ ಅಂತ ಹೇಳಲಿಲ್ಲ."

ನಾಗರಾಜ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ, ಗೆದ್ದ ಸೊಕ್ಕಿನಲ್ಲಿ ಸ್ವಲ್ಪ ಜಾಸ್ತಿಯೇ ನಕ್ಕೆ. ಬೆಂಗಳೂರಿನಲ್ಲಿ ನೀರಿಲ್ಲದೆ ಬೆಳೆದವರಿಗೆ ಮಾತ್ರ ಹೊಳೆಯುವ ರಿಪೇರಿ ಇದು ಎಂದೆ. ಶಿವು ನಗಲಿಲ್ಲ. ಕಾರು ಹೊರಟು ಒಂದು ಫರ್ಲಾಂಗು ಬಂದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಆದ್ರೂ ಕೊಡೋಣ ಅಕ್ಕ" ಎಂದ.

ನನಗೆ ರೇಗಿತು. "ಮಾತು ಮಾತೇ ಕಣೋ. ಇಂಜಿನ್ ಚೆನ್ನಾಗಿದೆ, ಮುಗೀತು."

"ಇವತ್ತು ಚೆನ್ನಾಗಿದೆ. ನಿನ್ನ ಕೈಲಿ ಆಗದೇ ಇದ್ದಾಗ ಯಾರು ಓಡಿಸ್ತಾರೆ? ಸುಮ್ನೆ ನಿಂತು ತುಕ್ಕು ಹಿಡಿಯತ್ತೆ, ಆಮೇಲೆ ಗುಜರಿ. ಅಪ್ಪಾಜಿ ಗಾಡಿನ ಗುಜರಿಯವರು ಜಜ್ಜೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಗೋಡೆ ಮೇಲಿದ್ರೆ ದಿನಾ ಹೋಗಿ ಒಂದು ಕಾಫಿ ಕುಡಿದು ಒರೆಸಿಟ್ಟು ಬರ್ಬೋದಿತ್ತು."

ಕಾರನ್ನು ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಮೂವತ್ತು ವರ್ಷದಿಂದ ಆ ಗಾಡಿಯನ್ನು ಒರೆಸುತ್ತಾ, ತೊಟ್ಟು ಸೋರಿದರೂ ಟೇಪು ಸುತ್ತುತ್ತಾ ಬಂದವನು ಇವನು. ಅಷ್ಟೇ ಅವನಿಗೆ ದಕ್ಕಿದ್ದು. ನನಗೆ ಸಿಟ್ಟು ಬಂತು, ಅದೂ ಅಪ್ಪಾಜಿಯ ಮೇಲೆ. ನನ್ನ ಜೀವಮಾನದಲ್ಲಿ ಅವರ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು. ಬೆಲ್ಲದ ಅಂಗಡಿಯ ಕಿಲುಬು ತಕ್ಕಡಿಯನ್ನೂ ಎರಡೆರಡು ಸಲ ಪರೀಕ್ಷೆ ಮಾಡುತ್ತಿದ್ದ ಮನುಷ್ಯ, ಸ್ವಂತ ಮಗನನ್ನು ಒಂದೇ ಸಲ ನೋಡಿ ಮುದ್ರೆ ಒತ್ತಿಬಿಟ್ಟರಲ್ಲ. ಒಂದು ಎಳನೀರಿನ ಗಾಡಿಯನ್ನು ನಂಬಿ.

"ನೀನು ಓಡಿಸ್ತೀಯ" ಎಂದೆ.

"ನನಗೆ ಬರಲ್ಲ ಅಂತ ಗೊತ್ತಲ್ಲ."

"ಯಾರು ಹೇಳಿದ್ದು?"

"ಅಪ್ಪಾಜಿ..." ಎಂದು ಶುರುಮಾಡಿ ನಿಲ್ಲಿಸಿದ. ಅಪ್ಪಾಜಿ ಹಾಗೆ ಹೇಳಿಯೇ ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

"ಅಪ್ಪಾಜಿ ತಪ್ಪು ತೂಗಿದ್ರು ಕಣೋ" ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಅವನು ನನ್ನನ್ನೇ ನೋಡುತ್ತಾ ಕೂತ. ಎಲ್.ಎಲ್.ಆರ್. ಮಾಡಿಸಲು ಮಾರನೆಯ ವಾರವೇ ಎಳೆದುಕೊಂಡು ಹೋದೆ. ಸಾಲಿನಲ್ಲಿ ನಿಂತಿದ್ದವರೆಲ್ಲ ಹದಿನೆಂಟು ಇಪ್ಪತ್ತರ ಹುಡುಗರು. ಒಬ್ಬ "ಅಂಕಲ್, ಮಗನಿಗಾ?" ಎಂದು ಕೇಳಿದ. ಶಿವು ನನ್ನ ಕಡೆ ನೋಡಿ, ಆಮೇಲೆ ಅವನ ಕಡೆ ತಿರುಗಿ "ನನಗೇ" ಎಂದ. ಅವನ ಕಿವಿ ಕೆಂಪಾಗಿತ್ತು.

ರೇಣುಕಪ್ಪನವರಿಗೆ ಫೋನಿನಲ್ಲಿ ಇಲ್ಲವೆನ್ನುವುದು ಸರಿಯಲ್ಲ ಎಂದು ಒಂದು ಭಾನುವಾರ ಹೋಟೆಲಿಗೇ ಹೋದೆವು, ಅದೇ ಕಾರಿನಲ್ಲಿ. ಕೌಂಟರಿಗೆಂದು ಬಿಟ್ಟ ಗೋಡೆ ಗಾರೆ ಮುಗಿದು ಖಾಲಿ ಇತ್ತು. ಕಾಫಿ ಕೊಟ್ಟರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶಿವು ಹೇಳಿಬಿಟ್ಟ. "ಕೊಡಲ್ಲ ಸಾರ್. ಗಾಡಿ ಚೆನ್ನಾಗಿದೆ. ನಾನೂ ಕಲೀತಾ ಇದೀನಿ."

"ಈ ವಯಸ್ಸಲ್ಲಾ ಶಿವಣ್ಣ?" ಎಂದರು ರೇಣುಕಪ್ಪನವರು, ನಿಜವಾದ ಕಾಳಜಿಯಿಂದಲೇ.

"ಈ ವಯಸ್ಸಲ್ಲೇ" ಎಂದ ನನ್ನ ತಮ್ಮ.

ಈಗ ಬೆಳಿಗ್ಗೆ ಹೊತ್ತು ನಾಗರಭಾವಿ ಕಡೆಯ ರಸ್ತೆಗಳಲ್ಲಿ ನಾವು ನಿಮಗೆ ಸಿಗಬಹುದು. ಮೂಲಂಗಿ ಸೊಪ್ಪಿನ ಬಣ್ಣದ ಕಾರು, ಹಿಂದೆ ಕೆಂಪು ಎಲ್ ಬೋರ್ಡು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ ಒಬ್ಬ ನರೆಗೂದಲಿನ ಗಂಡಸು, ಪಕ್ಕದಲ್ಲಿ ಬಾಯಿ ಮುಚ್ಚದ ಒಬ್ಬಳು ಹೆಂಗಸು. ನಿನ್ನೆ ಅವನು ಮೂರನೇ ಗೇರಿನವರೆಗೂ ಬಂದ. ಎಳನೀರಿನ ಗಾಡಿ ಕಂಡರೆ ಈಗಲೂ ಕಾರು ನಿಲ್ಲಿಸಿಬಿಡುತ್ತಾನೆ, ಅದು ದಾಟುವವರೆಗೂ ಹೊರಡುವುದಿಲ್ಲ. ನಮ್ಮ ಹಿಂದೆ ಸಿಕ್ಕಿಕೊಂಡವರಿಗೆ ಆಫೀಸಿಗೆ ತಡವಾಗುತ್ತದೆ, ಗೊತ್ತು. ಹಾರ್ನ್ ಹೊಡೆಯಬೇಕೆನಿಸಿದರೆ ಧಾರಾಳವಾಗಿ ಹೊಡೆಯಿರಿ. ನಾವು ಪಕ್ಕಕ್ಕೆ ಸರಿಯುವುದಿಲ್ಲ.